ಸೆಕೆಂಡಿನ ಲೆಕ್ಕದಲ್ಲಿ ಗಾಡಿ: ಗೆಳೆಯರ ಜೊತೆ ರಸ್ತೆ ರ‍್ಯಾಲಿ

ಕೇಳುಗರಿಗೆಲ್ಲ ನಮಸ್ಕಾರ.

ರ‍್ಯಾಲಿ ಅಂದ ಕೂಡಲೇ ಧೂಳೆಬ್ಬಿಸಿಕೊಂಡು ಹಾರುವ ಕಾರು ಕಣ್ಮುಂದೆ ಬರುತ್ತದೆ. ಮೈಸೂರಿನ ಲಲಿತಮಹಲ್ ಬಳಿಯ ಮೈದಾನದಲ್ಲಿ ಗ್ರಾವೆಲ್ ಫೆಸ್ಟ್ ನೋಡಿದವರಿಗೆ ಆ ಚಿತ್ರ ಇನ್ನೂ ಗಟ್ಟಿ. ಅದು ಬೇಲಿ ಕಟ್ಟಿದ ಹಾದಿಯಲ್ಲಿ, ಹೆಲ್ಮೆಟ್ ಹಾಕಿದವರು ಆಡುವ ಆಟ. ನಾನು ಇವತ್ತು ಹೇಳಹೊರಟದ್ದು ಬೇರೆ ಬಗೆಯದು. ನಿಮ್ಮ ಮನೆಯ ಮುಂದೆ ನಿಂತಿರುವ ಮಾಮೂಲಿ ಕಾರಿನಲ್ಲಿ, ಎಲ್ಲರೂ ಓಡಾಡುವ ರಸ್ತೆಯಲ್ಲಿ, ವೇಗದ ಮಿತಿಯೊಳಗೇ ಇದ್ದು ಆಡುವಂಥದ್ದು. ಇದಕ್ಕೆ ಟಿಎಸ್‌ಡಿ ರ‍್ಯಾಲಿ ಎನ್ನುತ್ತಾರೆ. ಟೈಮ್, ಸ್ಪೀಡ್, ಡಿಸ್ಟೆನ್ಸ್. ಕಾಲ, ವೇಗ, ದೂರ. ಆಯೋಜಕರು ಹೇಳಿದ ಸರಾಸರಿ ವೇಗದಲ್ಲೇ ಹೋಗಬೇಕು, ಹೇಳಿದ ಜಾಗಕ್ಕೆ ಹೇಳಿದ ಸೆಕೆಂಡಿಗೆ ತಲುಪಬೇಕು. ಬೇಗ ಹೋದರೂ ದಂಡ, ತಡವಾದರೂ ದಂಡ. ಎಷ್ಟೋ ಸ್ಪರ್ಧೆಗಳಲ್ಲಿ ತಡಕ್ಕಿಂತ ಬೇಗಕ್ಕೇ ದಂಡ ಜಾಸ್ತಿ, ಹಾಗಾಗಿ ನಿಯಮ ಪುಸ್ತಕದಲ್ಲಿ ಮೊದಲು ಓದಬೇಕಾದದ್ದು ಆ ಸಾಲು.

ಕಾರಿನಲ್ಲಿ ಇಬ್ಬರು. ಒಬ್ಬರು ಓಡಿಸುವವರು, ಇನ್ನೊಬ್ಬರು ಪಕ್ಕದಲ್ಲಿ ಕೂತು ದಾರಿ ಹೇಳುವ, ಲೆಕ್ಕ ಹಾಕುವ ನ್ಯಾವಿಗೇಟರ್. ಗೆಳೆಯರ ಗುಂಪಿನಲ್ಲಿ ಸ್ಟಿಯರಿಂಗ್‌ಗೆ ಕಿತ್ತಾಟ ನಡೆಯುತ್ತದೆ, ಪಕ್ಕದ ಸೀಟಿಗೆ ಯಾರೂ ಮುಂದೆ ಬರುವುದಿಲ್ಲ. ಈ ಆಟದ ಗೆಲುವು ಸೋಲು ಇರುವುದೆಲ್ಲ ಆ ಪಕ್ಕದ ಸೀಟಿನಲ್ಲಿ. ನಿಮ್ಮಲ್ಲಿ ಮಗ್ಗಿ ಚೆನ್ನಾಗಿ ಬರುವವರು, ಗಡಿಬಿಡಿಯಾಗದವರು ಯಾರೋ ಅವರನ್ನು ಅಲ್ಲಿ ಕೂರಿಸಿ.

ಈಗ ಲೆಕ್ಕಕ್ಕೆ ಬರೋಣ. ಹತ್ತಿರದಲ್ಲಿ ಪೆನ್ನು, ಕಾಗದ ಇದ್ದರೆ ತೆಗೆದುಕೊಳ್ಳಿ. ನಿಧಾನವಾಗಿ ಹೇಳುತ್ತೇನೆ.

ಗಂಟೆಗೆ 3600 ಸೆಕೆಂಡು. ಅದನ್ನು ವೇಗದಿಂದ ಭಾಗಿಸಿದರೆ ಒಂದು ಕಿಲೋಮೀಟರಿಗೆ ಎಷ್ಟು ಸೆಕೆಂಡು ಅನ್ನುವುದು ಸಿಗುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗಕ್ಕೆ ಕಿಲೋಮೀಟರಿಗೆ 120 ಸೆಕೆಂಡು. 36ಕ್ಕೆ 100. 40ಕ್ಕೆ 90. 45ಕ್ಕೆ 80. 48ಕ್ಕೆ 75. ಈ ಐದನ್ನು ಬಾಯಿಪಾಠ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು ಉದಾಹರಣೆ. ಬೆಳಿಗ್ಗೆ ಸರಿಯಾಗಿ 7 ಗಂಟೆಗೆ ಹೊರಟಿರಿ. ಮೊದಲ 8.4 ಕಿಲೋಮೀಟರಿಗೆ ವೇಗ 36. ಕಿಲೋಮೀಟರಿಗೆ 100ರಂತೆ 840 ಸೆಕೆಂಡು, ಅಂದರೆ 14 ನಿಮಿಷ. 7 ಗಂಟೆ 14 ನಿಮಿಷಕ್ಕೆ ಅಲ್ಲಿರಬೇಕು. ಅಲ್ಲಿಂದ 12.9ರವರೆಗೆ ವೇಗ 30. ನಾಲ್ಕೂವರೆ ಕಿಲೋಮೀಟರಿಗೆ 540 ಸೆಕೆಂಡು, 9 ನಿಮಿಷ. 7 ಗಂಟೆ 23 ನಿಮಿಷ. ಮುಂದೆ 20.9ರವರೆಗೆ ವೇಗ 40. ಎಂಟು ಕಿಲೋಮೀಟರಿಗೆ 720 ಸೆಕೆಂಡು, 12 ನಿಮಿಷ. 7 ಗಂಟೆ 35 ನಿಮಿಷ. ವೇಗ ಬದಲಾಗುವ ಪ್ರತಿ ಜಾಗದ ಹೊತ್ತನ್ನು ಹೊರಡುವ ಮೊದಲೇ ರೋಡ್ ಬುಕ್ಕಿನ, ಅಂದರೆ ಆಯೋಜಕರು ಕೊಡುವ ದಾರಿ ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. ಮಧ್ಯದ ಪ್ರತಿ ಕಿಲೋಮೀಟರಿನ ಹೊತ್ತನ್ನೂ ಬರೆದುಕೊಂಡರೆ ಇನ್ನೂ ಒಳ್ಳೆಯದು. ಗಾಡಿ ಕುಲುಕುವಾಗ ಕೂಡುವ ಕಳೆಯುವ ಕೆಲಸ ಇಟ್ಟುಕೊಂಡರೆ ತಪ್ಪದೇ ತಪ್ಪಾಗುತ್ತದೆ.

ದಾರಿಯಲ್ಲಿ ಎತ್ತಿನ ಗಾಡಿ ಅಡ್ಡ ಬಂತು, ಒಂದು ನಿಮಿಷ ಹೋಯಿತು ಅನ್ನಿ. ಹೊಸಬರು ಆಗ ಆಕ್ಸಿಲರೇಟರ್ ತುಳಿದುಬಿಡುತ್ತಾರೆ. ಬೇಕಾಗಿಲ್ಲ. 36ರ ವೇಗದ ಭಾಗದಲ್ಲಿ 45ರಲ್ಲಿ ಹೋದರೆ ಕಿಲೋಮೀಟರಿಗೆ 20 ಸೆಕೆಂಡು ವಾಪಸ್ಸು ಸಿಗುತ್ತದೆ. ಮೂರೇ ಕಿಲೋಮೀಟರಿನಲ್ಲಿ ಆ ನಿಮಿಷ ಕೈಗೆ ಬಂತು. ಸುರಕ್ಷಿತವಾಗಿ ಸರಿದೂಗಿಸಲು ಜಾಗವೇ ಇಲ್ಲದಿದ್ದರೆ ಆ ದಂಡವನ್ನು ತೆತ್ತು ಮುಂದೆ ಹೋಗಿ.

ಮುಂದಿನದು ಕಾರಿನ ಮೀಟರಿನ ತಾಳೆ. ಮೊದಲ ರ‍್ಯಾಲಿಯಲ್ಲಿ ಬಹಳಷ್ಟು ಜನ ಎಡವುವುದು ಇಲ್ಲೇ. ಯಾವ ಎರಡು ಕಾರಿನ ಟ್ರಿಪ್ ಮೀಟರೂ ಒಂದೇ ದೂರ ತೋರಿಸುವುದಿಲ್ಲ. ಟೈರಿನ ಸವೆತ, ಗಾಳಿ, ಬದಲಾಯಿಸಿದ ಟೈರಿನ ಅಳತೆ, ಎಲ್ಲವೂ ಅದನ್ನು ಆಚೀಚೆ ಮಾಡುತ್ತವೆ. ಅದಕ್ಕೇ ಆಯೋಜಕರು ಆರಂಭದಲ್ಲಿ ಒಂದು ತಾಳೆ ನೋಡುವ ದೂರ ಕೊಡುತ್ತಾರೆ. ಅವರ 10 ಕಿಲೋಮೀಟರಿಗೆ ನಿಮ್ಮ ಮೀಟರ್ 10.3 ತೋರಿಸಿದರೆ, ರೋಡ್ ಬುಕ್ಕಿನ ಪ್ರತಿ ದೂರವನ್ನೂ 1.03ರಿಂದ ಗುಣಿಸಿ ಪಕ್ಕದಲ್ಲಿ ಬರೆದುಕೊಳ್ಳಿ. ಅವರ 8.4 ನಿಮಗೆ 8.65 ಆಗುತ್ತದೆ. ಇದನ್ನು ಬಿಟ್ಟರೆ ಏನಾಗುತ್ತದೆ? 36ರ ವೇಗದಲ್ಲಿ 20 ಕಿಲೋಮೀಟರ್ ಹೋಗುವಷ್ಟರಲ್ಲಿ ನೀವು ಪೂರ್ತಿ ಒಂದು ನಿಮಿಷ ಹಿಂದೆ ಬಿದ್ದಿರುತ್ತೀರಿ. ಮೀಟರ್ ಮಾತ್ರ ಎಲ್ಲ ಸರಿಯಾಗಿದೆ ಎಂದೇ ತೋರಿಸುತ್ತಿರುತ್ತದೆ.

ಇನ್ನೊಂದು ಮಾತು. ಮಾಮೂಲಿ ಟ್ರಿಪ್ ಮೀಟರ್ 100 ಮೀಟರಿಗೊಮ್ಮೆ ಅಂಕಿ ಬದಲಿಸುತ್ತದೆ. 36ರ ವೇಗದಲ್ಲಿ 100 ಮೀಟರ್ ಅಂದರೆ 10 ಸೆಕೆಂಡು. ಹಾಗಾಗಿ ಗಡಿಯಾರ ನೋಡಬೇಕಾದದ್ದು ಅಂಕಿ ಬದಲಾಗುವ ಆ ಕ್ಷಣದಲ್ಲಿ, ಆಮೇಲೆ ನೋಡಿದರೆ ಉಪಯೋಗವಿಲ್ಲ. ಮೊಬೈಲಿನ ಜಿಪಿಎಸ್ ಇನ್ನೂ ಸಣ್ಣ ಅಳತೆ ತೋರಿಸುತ್ತದೆ ನಿಜ, ಆದರೆ ದಟ್ಟ ಮರಗಳ ಕೆಳಗೆ, ಒತ್ತೊತ್ತಾದ ತಿರುವುಗಳಲ್ಲಿ ಮೂಲೆ ಕತ್ತರಿಸಿ ದೂರ ಕಡಿಮೆ ಹೇಳಬಹುದು. ಎರಡನ್ನೂ ಇಟ್ಟುಕೊಳ್ಳಿ. ಸ್ಪೀಡೋಮೀಟರಿನ ಮುಳ್ಳನ್ನಂತೂ ನೆಚ್ಚಬೇಡಿ, ಅದು ಸಾಮಾನ್ಯವಾಗಿ ಇರುವುದಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಗಡಿಯಾರವನ್ನೂ ಆಯೋಜಕರ ಗಡಿಯಾರಕ್ಕೆ ಸೆಕೆಂಡು ಸಮೇತ ಹೊಂದಿಸಿ.

ರೋಡ್ ಬುಕ್ಕಿನಲ್ಲಿ ಪ್ರತಿ ಕೂಡುರಸ್ತೆಗೂ ಒಂದು ಪುಟ್ಟ ಗೆರೆಚಿತ್ರ ಇರುತ್ತದೆ. ಇದಕ್ಕೆ ಟ್ಯೂಲಿಪ್ ಎಂದು ಹೆಸರು. ನೆದರ್ಲೆಂಡ್ಸಿನಲ್ಲಿ 1949ರಲ್ಲಿ ಶುರುವಾದ ಟ್ಯೂಲಿಪ್ ರ‍್ಯಾಲಿಯಿಂದ ಬಂದದ್ದು. ಕೆಳಗಿನ ಚುಕ್ಕೆ ನೀವು ಬರುತ್ತಿರುವ ಜಾಗ, ಬಾಣದ ತುದಿ ಹೋಗಬೇಕಾದ ದಿಕ್ಕು. ಪಕ್ಕದಲ್ಲಿ ಎರಡು ದೂರ: ಹೊರಟಲ್ಲಿಂದ ಒಟ್ಟು ಎಷ್ಟು, ಹಿಂದಿನ ಚಿತ್ರದಿಂದ ಎಷ್ಟು. ದಾರಿ ತಪ್ಪಿದರೆ ಹೀಗೆ ಮಾಡಿ. 14.2ರಲ್ಲಿ ಬಲಕ್ಕೆ ತಿರುಗಬೇಕಿತ್ತು, 15ಕ್ಕೆ ಬಂದಾಗ ಗೊತ್ತಾಯಿತು. ತಿರುಗಿಸಿಕೊಂಡು ಅದೇ ಕೂಡುರಸ್ತೆಗೆ ಬಂದಾಗ ಮೀಟರ್ 15.8 ತೋರಿಸುತ್ತದೆ. ಅಲ್ಲಿಂದ ಮುಂದೆ ಮೀಟರಿನ ಪ್ರತಿ ಓದಿನಿಂದಲೂ 1.6 ಕಳೆಯುತ್ತಾ ಹೋಗಿ. ಅಡ್ಡದಾರಿ ಹಿಡಿದು ಮುಂದೆಲ್ಲೋ ಸೇರಿಕೊಳ್ಳೋಣ ಎಂದು ಹೊರಟರೆ ದೂರದ ಲೆಕ್ಕವೇ ಕೈತಪ್ಪುತ್ತದೆ.

ಇಬ್ಬರ ನಡುವಿನ ಮಾತಿನ ಬಗ್ಗೆ ನಮ್ಮ ಭಾಷೆಗೇ ಸೇರಿದ ಒಂದು ಎಚ್ಚರಿಕೆ ಇದೆ. ಕನ್ನಡದಲ್ಲಿ 'ಬೇಡ' ಅನ್ನುವುದು ಮಾತಿನ ಕೊನೆಗೆ ಬರುತ್ತದೆ. ನ್ಯಾವಿಗೇಟರ್ "ಎಡಕ್ಕೆ ತಿರುಗಬೇಡ" ಅನ್ನುವಷ್ಟರಲ್ಲಿ, ಓಡಿಸುವವರ ಕಿವಿಗೆ "ಎಡಕ್ಕೆ ತಿರುಗ" ಬಿದ್ದಿರುತ್ತದೆ, ಕೈ ಆಗಲೇ ಸ್ಟಿಯರಿಂಗ್ ಎಳೆದಿರುತ್ತದೆ. ಆದ್ದರಿಂದ ಕಾರಿನೊಳಗೆ 'ಬೇಡ' ಎಂಬ ಮಾತೇ ಇರಬಾರದು. "ಸೀದಾ" ಎನ್ನಿ. ಮೊದಲು ದೂರ, ಆಮೇಲೆ ದಿಕ್ಕು, ಆಮೇಲೆ ಗುರುತು: "ಮುನ್ನೂರು ಮೀಟರ್, ಬಲ, ಅರಳಿಕಟ್ಟೆ." ಓಡಿಸುವವರು "ಬಲ" ಎಂದು ತಿರುಗಿ ಹೇಳಬೇಕು. ಅನುಮಾನ ಬಂದರೆ "ನಿಲ್ಸು" ಅನ್ನುವ ಒಂದೇ ಮಾತು. "ಅಲ್ಲೇ ಹಂಗೇ ಹೋಗು" ಅನ್ನುವುದೆಲ್ಲ ಮನೆಯಲ್ಲಿ ಬಿಟ್ಟು ಬನ್ನಿ.

ಮೊದಲ ಸಲವೇ ದೊಡ್ಡ ಸ್ಪರ್ಧೆಗೆ ಹೋಗುವುದಕ್ಕಿಂತ ನಾಲ್ಕು ಕಾರು, ಹತ್ತು ಜನ ಗೆಳೆಯರು ಸೇರಿ ಭಾನುವಾರ ಬೆಳಿಗ್ಗೆ 50 ಕಿಲೋಮೀಟರಿನ ಅಭ್ಯಾಸ ಮಾಡುವುದು ಒಳ್ಳೆಯದು. ಇಬ್ಬರು ದಾರಿ ಹಾಕುವವರು, ಉಳಿದ ಎಂಟು ಜನ ನಾಲ್ಕು ಕಾರಿಗೆ. ಪಾಂಡವಪುರ, ಮೇಲುಕೋಟೆ, ನಾಗಮಂಗಲದ ನಡುವೆ, ಬನ್ನೂರು, ಮಳವಳ್ಳಿಯ ಕಡೆ ಇದಕ್ಕೆ ಒಪ್ಪುವ ಒಳರಸ್ತೆಗಳು ಬೇಕಾದಷ್ಟಿವೆ. ದಾರಿ ಹಾಕುವವರು ಒಂದೇ ಕಾರಿನಲ್ಲಿ ಎರಡು ಸಲ ಹೋಗಿ ಅಳೆಯಬೇಕು. ಎರಡೂ ಅಳತೆ ಹೊಂದದಿದ್ದರೆ ಮೂರನೆಯ ಸಲ. ಗುರುತಿಗೆ ಮಾರಮ್ಮನ ಗುಡಿ, ಹಾಲಿನ ಡೇರಿ, ನಾಲೆಯ ತೂಬು ಬರೆಯಿರಿ. ಫ್ಲೆಕ್ಸ್ ಬೋರ್ಡು ನಾಳೆಗೇ ಇರುವುದಿಲ್ಲ. ಆಲೆಮನೆಯ ಹೊಗೆಯನ್ನು ನೆಚ್ಚಿಕೊಂಡರೆ ಅವತ್ತು ಒಲೆ ಹಚ್ಚಿರುವುದೇ ಇಲ್ಲ.

ಸರಾಸರಿ ವೇಗ ಗೊತ್ತು ಮಾಡುವಾಗ ಕೈ ಬಿಗಿ ಇರಲಿ. ಊರೂರಿಗೂ ಮೂರು ನಾಲ್ಕು ಹಂಪ್ ಇರುವ ರಸ್ತೆಯಲ್ಲಿ 30 ಎಂಬುದು ಕಡಿಮೆ ವೇಗವೇನಲ್ಲ. ನೀವು ಆರಾಮಾಗಿ ಓಡಿಸಿದಾಗ 40ರ ಸರಾಸರಿ ಬಂದರೆ ರೋಡ್ ಬುಕ್ಕಿನಲ್ಲಿ 30 ಬರೆಯಿರಿ. ಊರು, ಶಾಲೆ, ಸಂತೆಮಾಳ ಇರುವ ಕಡೆ ಸಮಯ ನೋಡುವ ಜಾಗ ಇಡಬೇಡಿ. ಅಲ್ಲಿಗೆ ಧಾರಾಳವಾಗಿ ಹೊತ್ತು ಕೊಟ್ಟು, ಊರು ದಾಟಿದ ಮೇಲೆ ಹೊಸದಾಗಿ ಲೆಕ್ಕ ಶುರುಮಾಡಿ. ಯಾವ ಊರಲ್ಲಿ ಯಾವ ದಿನ ಸಂತೆ, ಮೇಲುಕೋಟೆಯಲ್ಲಿ ವೈರಮುಡಿ ಯಾವಾಗ ಎಂದು ವಿಚಾರಿಸಿಕೊಳ್ಳಿ. ಕಾರುಗಳನ್ನು ಎರಡೆರಡು ನಿಮಿಷದ ಅಂತರದಲ್ಲಿ ಬಿಡಿ. ಸಮಯ ಬರೆದುಕೊಳ್ಳುವವರು ಕಾರು ನಿಲ್ಲಿಸಬೇಕಾಗಿಲ್ಲ. ತಿರುವಿನಿಂದ ದೂರ, ಅಗಲ ಅಂಚಿರುವ ಕಡೆ ನಿಂತು, ಗೊತ್ತು ಮಾಡಿದ ಮರದ ಎದುರಿಗೆ ಮುಂದಿನ ಚಕ್ರ ಬಂದ ಗಂಟೆ, ನಿಮಿಷ, ಸೆಕೆಂಡು ಬರೆದುಕೊಂಡರೆ ಸಾಕು.

ಈಗ ಹೇಳುವುದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ, ತಡೆಗೋಡೆ ಇಲ್ಲದ ಕಡೆ ದಾರಿ ಹಾಕಬೇಡಿ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ನಾಲೆಗೆ ಉರುಳಿ 30 ಜೀವ ಹೋದದ್ದನ್ನು ಮಂಡ್ಯ ಜಿಲ್ಲೆ ಮರೆತಿಲ್ಲ. ಕಬ್ಬು ಕಟಾವಿನ ಕಾಲದಲ್ಲಿ ಹಿಂಬದಿ ದೀಪವಿಲ್ಲದ ಟ್ರಾಕ್ಟರುಗಳು ಎಲ್ಲೆಂದರಲ್ಲಿ ನಿಂತಿರುತ್ತವೆ, ಆಳೆತ್ತರದ ಕಬ್ಬು ತಿರುವನ್ನೇ ಮುಚ್ಚಿರುತ್ತದೆ. ಕತ್ತಲಲ್ಲಿ ಬೇಡವೇ ಬೇಡ. ಇನ್ನು ಸುಗ್ಗಿಯಲ್ಲಿ ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ಹುರುಳಿ ಸೊಪ್ಪು. ಅದರ ಮೇಲೆ ಹಾಯ್ದಾಗ ಬಳ್ಳಿ ಚಕ್ರದ ಆಕ್ಸಲಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ, ಕಾದ ಸೈಲೆನ್ಸರಿಗೆ ತಾಗಿ ಹೊಗೆಯಾಡಿ ಕೊನೆಗೆ ಹೊತ್ತಿಕೊಳ್ಳುತ್ತದೆ. ಹೀಗೆ ಕಾರುಗಳು ಸುಟ್ಟಿವೆ. ಸೊಪ್ಪು ಕಂಡರೆ ಅಂಚಿನಲ್ಲಿ ಸುತ್ತಿ ಹೋಗಿ. ಆಗದಿದ್ದರೆ ದಾಟಿದ ಕೂಡಲೇ ನಿಲ್ಲಿಸಿ, ಬಗ್ಗಿ ನೋಡಿ, ಕತ್ತರಿಸಿ ತೆಗೆಯಿರಿ. ಆ ಎರಡು ನಿಮಿಷದ ದಂಡವನ್ನು ಗೆಳೆಯರ ರ‍್ಯಾಲಿಯಲ್ಲಿ ಮನ್ನಾ ಮಾಡುವ ನಿಯಮ ಇಟ್ಟುಕೊಳ್ಳಿ. ಹಾಗಿದ್ದರೆ ಜನ ನಿಜವಾಗಿ ನಿಲ್ಲಿಸುತ್ತಾರೆ.

ಕಾರಿಗೆ ಬೇಕಾದದ್ದು ಹೆಚ್ಚೇನಿಲ್ಲ. ಟೈರಿನ ಗಾಳಿ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಷ್ಟು, ಸ್ಟೆಪ್ನಿಯಲ್ಲೂ ಗಾಳಿ, ಅದರ ಅಳತೆ ಉಳಿದ ನಾಲ್ಕರಷ್ಟೇ. ಅಳತೆ ಬೇರೆಯಾದ ಸ್ಟೆಪ್ನಿ ಹಾಕಿದರೆ ಮೀಟರಿನ ತಾಳೆ ಕೆಡಬಹುದು. ಜಾಕ್, ವೀಲ್ ಸ್ಪ್ಯಾನರ್ ಇದ್ದರೆ ಸಾಲದು. ಅಂಗಡಿಯವರು ಗಾಳಿಯಂತ್ರದಲ್ಲಿ ಬಿಗಿದ ನಟ್ಟು ಕೈಯಲ್ಲಿ ಬಿಚ್ಚಲು ಬರುತ್ತದೆಯೇ ಎಂದು ಹಿಂದಿನ ದಿನ ಮನೆಯಲ್ಲೇ ಒಂದು ಸಲ ಬಿಚ್ಚಿ ನೋಡಿ. ಎಳೆಯುವ ಹಗ್ಗ, ಒಂದು ಕೆಜಿಯ ಬೆಂಕಿ ನಂದಿಸುವ ಸಿಲಿಂಡರ್, ಚೂಪಾದ ಚಾಕು, ಫ್ಯೂಸುಗಳು, ಟಾರ್ಚು, ಪ್ರಥಮ ಚಿಕಿತ್ಸೆಯ ಡಬ್ಬಿ, ಕುಡಿಯುವ ನೀರು. ನ್ಯಾವಿಗೇಟರಿಗೆ ರಟ್ಟು, ಕ್ಲಿಪ್ಪು, ಎರಡು ಪೆನ್ಸಿಲು, ರಬ್ಬರು. ತಲೆ ಬಗ್ಗಿಸಿ ಓದುತ್ತಾ ಕೂತರೆ ವಾಂತಿ ಬರುವುದು ಸಹಜ. ಹೊಟ್ಟೆ ತುಂಬ ತಿನ್ನದೆ ಎರಡು ಇಡ್ಲಿಗೆ ನಿಲ್ಲಿಸಿ, ಪ್ರತಿ ಚಿತ್ರ ಓದಿದ ಮೇಲೆ ತಲೆ ಎತ್ತಿ ದೂರದ ರಸ್ತೆ ನೋಡಿ.

ಕಾನೂನಿನ ವಿಷಯ. ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ಓಟದ ಪಂದ್ಯ, ವೇಗದ ಪರೀಕ್ಷೆ ನಡೆಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 3 ತಿಂಗಳವರೆಗೆ ಸೆರೆ, ಇಲ್ಲವೇ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಹಾಗಾಗಿ ಗೆಳೆಯರ ಅಭ್ಯಾಸದಲ್ಲಿ 'ಮೊದಲು ಮುಟ್ಟಿದವರು' ಎಂಬ ಬಹುಮಾನ ಇರಲೇಬಾರದು, ಮತ್ತು ದಾರಿಯ ಪೊಲೀಸ್ ಠಾಣೆಗಳಿಗೆ ಮೊದಲೇ ಪತ್ರ ಕೊಟ್ಟು ಕೇಳಿಕೊಳ್ಳಿ. ಪ್ರವೇಶ ಶುಲ್ಕ, ಬಹುಮಾನ ಇಟ್ಟು ನಡೆಸುವುದಾದರೆ ಎಫ್‌ಎಂಎಸ್‌ಸಿಐ, ಅಂದರೆ ದೇಶದ ಮೋಟಾರ್ ಕ್ರೀಡಾ ಒಕ್ಕೂಟದ ಮಾನ್ಯತೆ ಪಡೆದ ಕ್ಲಬ್ಬಿನ ಮೂಲಕವೇ ಹೋಗಬೇಕು. ನಿಮ್ಮ ವಿಮೆಯ ಪತ್ರವನ್ನೂ ಒಮ್ಮೆ ತೆರೆದು ನೋಡಿ. ಸಂಘಟಿತ ರೇಸು, ವೇಗದ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್‌ಗೆ, ಅಂದರೆ ಗಾಡಿ ಎಷ್ಟು ನೆಚ್ಚಿಕೆಗೆ ಅರ್ಹ ಎಂದು ನೋಡುವ ಪರೀಕ್ಷೆಗೆ, ಬಳಸಿದರೆ ವಿಮೆ ಅನ್ವಯಿಸದು ಎಂಬ ಸಾಲು ಅದರಲ್ಲಿ ಇರುತ್ತದೆ. ಸ್ಪರ್ಧೆಗೆ ಹೆಸರು ಕೊಡುವ ಮೊದಲೇ ವಿಮೆ ಕಂಪನಿಯಲ್ಲಿ ವಿಚಾರಿಸಿ, ಹೆಚ್ಚುವರಿ ರಕ್ಷಣೆಯನ್ನು ಬರವಣಿಗೆಯಲ್ಲೇ ಪಡೆದುಕೊಳ್ಳಿ.

ಅಭ್ಯಾಸ ಮುಗಿದ ಮೇಲೆ ಎಲ್ಲರೂ ಒಂದೆಡೆ ಕೂತು ಕಾಫಿ ಕುಡಿಯುತ್ತಾ ಹಾಳೆಗಳನ್ನು ಬಿಚ್ಚಿ. ಪ್ರತಿ ಜಾಗದಲ್ಲೂ ಇರಬೇಕಾದ ಹೊತ್ತು, ಇದ್ದ ಹೊತ್ತು, ವ್ಯತ್ಯಾಸ ಬರೆಯಿರಿ. ವ್ಯತ್ಯಾಸ ದೂರದ ಜೊತೆ ಬೆಳೆಯುತ್ತಾ ಹೋಗಿದ್ದರೆ, 5, 12, 20, 31 ಹೀಗೆ, ಅದು ಮೀಟರಿನ ತಾಳೆಯ ತಪ್ಪು. ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ, 8, 9, 8 ಎಂದಿದ್ದರೆ ಗಡಿಯಾರ ಹೊಂದಿಸಿದ್ದು ಸರಿಯಿಲ್ಲ, ಅಥವಾ ಮೀಟರನ್ನು ಸೊನ್ನೆ ಮಾಡಿದ ಜಾಗ ಆಚೀಚೆಯಾಗಿದೆ. ಒಂದು ಕಡೆ ಥಟ್ಟನೆ ಜಿಗಿದು ಅಲ್ಲಿಂದ ಹಾಗೇ ಉಳಿದಿದ್ದರೆ, ಅಲ್ಲೊಂದು ವೇಗದ ಬದಲಾವಣೆ ಬಿಟ್ಟುಹೋಗಿದೆ, ಇಲ್ಲವೇ ದಾರಿ ತಪ್ಪಿದ್ದನ್ನು ಕಳೆದಿಲ್ಲ. ಈ ಹಾಳೆಯನ್ನು ಜೋಪಾನ ಮಾಡಿ. ಮುಂದಿನ ಭಾನುವಾರ ಅದೇ ದಾರಿ, ಅದೇ ವೇಗ, ಸೀಟು ಮಾತ್ರ ಅದಲು ಬದಲು.

ನಮಸ್ಕಾರ.