ಹವಳದ ಟ್ಯಾಂಕಿಗೆ ಅಡುಗೆಮನೆ ಸೋಡಾ

ಎಲ್ರಿಗೂ ನಮಸ್ಕಾರ. ಮನೇಲಿ ಉಪ್ಪುನೀರಿನ ಟ್ಯಾಂಕ್ ಇಟ್ಟು ಹವಳ ಸಾಕೋರು ಈಗ ನಮ್ ಬೆಂಗಳೂರಲ್ಲೂ ಇದಾರೆ, ಸಿಕ್ಕಾಗೆಲ್ಲ ಅವ್ರು ಕೇಳೋದು ಒಂದೇ, ಹವಳಕ್ಕೆ ಅಂತ ಟ್ಯಾಂಕಿಗೆ ಹಾಕೋ ಈ ಮಿನರಲ್ ಬಾಟ್ಲಿಗಳ ಖರ್ಚು ತಡ್ಕೊಳಕ್ಕಾಗ್ತಿಲ್ಲ, ಕಡಿಮೇಲಿ ಏನಾದ್ರೂ ಇದ್ಯಾ ಅಂತ. ಇದೆ. ಆದ್ರೆ ಮೊದಲ ದುಡ್ಡು ಆಲ್ಕಲಿನಿಟಿ, ಅಂದ್ರೆ ನೀರಲ್ಲಿ ಕರಗಿರೋ ಕಾರ್ಬೋನೇಟ್, ಬೈಕಾರ್ಬೋನೇಟ್ ಎಷ್ಟಿದೆ ಅಂತ ಅಳೆಯೋ ಟೆಸ್ಟ್ ಕಿಟ್‌ಗೆ ಹೋಗ್ಲಿ.

ಯಾಕೆ ಅಂದ್ರೆ ಕಲ್ಲುಹವಳ ತನ್ನ ಗೂಡು ಕಟ್ಕೊಳೋದು ಕ್ಯಾಲ್ಸಿಯಂ ಕಾರ್ಬೋನೇಟ್‌ನಿಂದ, ಅದು ನೀರಿಂದ 1 ಡಿಕೆಎಚ್ (ಆಲ್ಕಲಿನಿಟಿ ಅಳೆಯೋ ಮಾನ) ಆಲ್ಕಲಿನಿಟಿ ಎಳ್ಕೊಂಡ್ರೆ ಕ್ಯಾಲ್ಸಿಯಂ ಬರೀ 7 ಪಿಪಿಎಂ, ಅಂದ್ರೆ ಲೀಟರಿಗೆ ಸುಮಾರು 7 ಮಿಲಿಗ್ರಾಂ ಇಳಿಯತ್ತೆ. ಟ್ಯಾಂಕಲ್ಲಿ ಕ್ಯಾಲ್ಸಿಯಂ 420 ಇದೆ, ಆಲ್ಕಲಿನಿಟಿ 8 ಇದೆ ಅಂದ್ಕೊಳಿ, ಆಲ್ಕಲಿನಿಟಿ 6ಕ್ಕೆ ಬಿದ್ದು ಹವಳ ಮಂಕಾಗೋ ಹೊತ್ತಿಗೂ ಕ್ಯಾಲ್ಸಿಯಂ 406 ಇರತ್ತೆ, ನಾವು ಎಲ್ಲಾ ಸರಿಯಾಗೇ ಇದ್ಯಲ್ಲ ಅಂತ ಸುಮ್ನಿರ್ತೀವಿ.

ಈ ಆಲ್ಕಲಿನಿಟಿ ಏರ್ಸೋಕೆ ಅಡುಗೆ ಸೋಡಾ ಸಾಕು, ಸೋಡಿಯಂ ಬೈಕಾರ್ಬೋನೇಟ್. ಬೇಕಿಂಗ್ ಪೌಡರ್ ಬೇರೆ, ಅದು ಬೇಡ್ವೇ ಬೇಡ. 100 ಲೀಟರ್ ನೀರಿಗೆ 3 ಗ್ರಾಂ ಸೋಡಾ ಹಾಕಿದ್ರೆ 1 ಡಿಕೆಎಚ್ ಏರತ್ತೆ, ಒಂದು ದಿನಕ್ಕೆ ಅದಕ್ಕಿಂತ ಜಾಸ್ತಿ ಏರಿಸ್ಬೇಡಿ. ಕ್ಯಾಲ್ಸಿಯಂಗೆ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್, ಶುದ್ಧವಾದ ಗ್ರೇಡ್ ತಗೊಳಿ, 100 ಲೀಟರಿಗೆ 3.7 ಗ್ರಾಂ ಹಾಕಿದ್ರೆ 10 ಪಿಪಿಎಂ. ನೀರಿಗೆ ಹಾಕ್ತಿದ್ದಂಗೆ ಬಿಸಿಯಾಗತ್ತೆ, ಆರೋವರ್ಗೂ ಬಿಡಿ. ಕರಗ್ಸೋಕೆ ಆರ್‌ಓ ನೀರೇ ಬೇಕು, ಬೋರ್‌ವೆಲ್ ನೀರು ಬೇಡ.

ಇವೆರಡನ್ನೂ ಒಟ್ಟಿಗೆ ಸುರೀಬೇಡಿ. ನಾನೊಂದ್ಸಲ ಅವಸರದಲ್ಲಿ ಸುರಿದೆ, ಟ್ಯಾಂಕ್ ನೀರು ಮಜ್ಜಿಗೆ ಥರ ಬೆಳ್ಳಗಾಯ್ತು, ಹಾಕಿದ್ದೆಲ್ಲ ಸುಣ್ಣವಾಗಿ ಹೀಟರ್‌ಗೂ ಪಂಪ್‌ಗೂ ಮೆತ್ಕೊಂಡಿತ್ತು, ಹವಳಗಳು ಬಾಯಿ ಮುಚ್ಕೊಂಡು ಕೂತಿದ್ದು ನೋಡಿ ಹೊಟ್ಟೆ ಉರೀತು. ಈಗ ಬೆಳಿಗ್ಗೆ ಒಂದು, ಸಂಜೆ ಒಂದು.

ಎಷ್ಟು ಹಾಕಿದ್ರೂ ಕ್ಯಾಲ್ಸಿಯಂ, ಆಲ್ಕಲಿನಿಟಿ ಎರಡೂ ನಿಲ್ತಿಲ್ಲ ಅಂದ್ರೆ ಮೆಗ್ನೀಸಿಯಂ ನೋಡಿ, 1300 ಪಿಪಿಎಂ ಆಸುಪಾಸು ಇರ್ಬೇಕು. ಎಪ್ಸಮ್ ಸಾಲ್ಟ್, ಅಂದ್ರೆ ಮೆಗ್ನೀಸಿಯಂ ಸಲ್ಫೇಟ್, ಅಗ್ಗ, ಆದ್ರೆ ಅದೊಂದನ್ನೇ ತಿಂಗಳಾನುಗಟ್ಟಲೆ ಹಾಕಿದ್ರೆ ಸಲ್ಫೇಟ್ ಜಮಾಯಿಸತ್ತೆ, ಮೆಗ್ನೀಸಿಯಂ ಕ್ಲೋರೈಡ್ ಜಾಸ್ತಿ ಇಟ್ಟು ಇದನ್ನ ಸ್ವಲ್ಪ ಸೇರ್ಸಿ.

ನಂಗೆ ತುಂಬಾ ಇಷ್ಟವಾದ ದಾರಿ ಸುಣ್ಣದ ತಿಳಿ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡೀನ ಆರ್‌ಓ ನೀರಿಗೆ ಹಾಕಿ, ಮೇಲೆ ನಿಂತ ತಿಳೀನ ಆವಿಯಾದ ನೀರಿನ ಬದಲಿಗೆ ರಾತ್ರಿ ಹನಿಹನಿಯಾಗಿ ಬಿಡೋದು, ಕ್ಯಾಲ್ಸಿಯಂ, ಆಲ್ಕಲಿನಿಟಿ ಎರಡೂ ಹವಳಕ್ಕೆ ಬೇಕಾದ ಅಳತೇಲೇ ಸಿಗತ್ತೆ. ಎಲೆಅಡಿಕೆ ಅಂಗಡಿ ಸುಣ್ಣ ಬೇಡ, ಅದ್ರಲ್ಲಿ ಏನ್ ಬೆರೆಸಿರ್ತಾರೋ. ಇದ್ರ ಪಿಎಚ್ 12 ದಾಟತ್ತೆ, ಕಣ್ಣಿಗೆ ಹಾರದಂಗೆ ನೋಡ್ಕೊಳಿ, ಮಕ್ಕಳ ಕೈಗೆ ಸಿಗದಂಗೆ ಇಡಿ.

ಅಯೋಡಿನ್, ಸ್ಟ್ರಾನ್ಷಿಯಂ ಬಾಟ್ಲಿಗಳು ಅಳೆಯೋಕೆ ಆಗದೇ ಇದ್ರೆ ಬೇಡ. ಮೆತ್ತನೆ ಹವಳದ ಸಣ್ಣ ಟ್ಯಾಂಕಾದ್ರೆ ವಾರಕ್ಕೆ ಶೇಕಡಾ 10ರಷ್ಟು ನೀರು ಬದಲಾಯಿಸಿದ್ರೆ ಸಾಮಾನ್ಯವಾಗಿ ಇದ್ಯಾವ್ದೂ ಬೇಕಾಗಲ್ಲ. ಮತ್ತೆ ನಮ್ಮ ಸಮುದ್ರದ ಕಲ್ಲುಹವಳ ಕೀಳೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಅಂಥದ್ದನ್ನ ಯಾರಾದ್ರೂ ಮಾರೋಕ್ ಬಂದ್ರೆ ತಗೋಬೇಡಿ.

ಇವತ್ತು ರಾತ್ರಿ ಎಂಟಕ್ಕೆ ಆಲ್ಕಲಿನಿಟಿ ಅಳೆದು ಬರ್ಕೊಳಿ, ಎರಡು ದಿನ ಏನೂ ಹಾಕ್ಬೇಡಿ, ಮತ್ತೆ ಎಂಟಕ್ಕೇ ಅಳೀರಿ, ಎಷ್ಟು ಇಳಿದಿದ್ಯೋ ಅದ್ರಲ್ಲಿ ಅರ್ಧ ನಿಮ್ ಟ್ಯಾಂಕಿನ ಒಂದು ದಿನದ ಲೆಕ್ಕ.