ಫೀಸಿನ ರಸೀದಿಯಲ್ಲಿ ಬರದ ಲೆಕ್ಕ

ಕೇಳುಗರಿಗೆ ನಮಸ್ಕಾರ.

ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಮಾಡಿದ ಪಾಠಗಳಲ್ಲಿ ಎಷ್ಟೋ ಮರೆತುಹೋಗಿವೆ. ಅಡ್ಮಿಶನ್ ಕಮಿಟಿಯ ಮೇಜು ಮಾತ್ರ ಮರೆತಿಲ್ಲ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಒದ್ದೆ ಕೊಡೆಗಳ ವಾಸನೆ. ಒಂದು ವರ್ಷ ಒಬ್ಬರು ಮಗಳನ್ನು ಕರೆದುಕೊಂಡು ಬಂದರು. ಕೈಯಲ್ಲಿ ಜೋಳದ ಬಿತ್ತನೆ ಬೀಜದ ಚೀಲ, ಅದರೊಳಗೆ ಇನ್ನೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಮಗಳ ಮಾರ್ಕ್ಸ್ ಕಾರ್ಡು. ಫೀಸು ಎಷ್ಟಾಗುತ್ತೆ ಅಂತ ಕೇಳಿದರು, ಹೇಳಿದೆ. ಅವರಿಗೆ ನಂಬಿಕೆ ಬರಲಿಲ್ಲ. "ತಿಂಗಳಿಗಾ ಸಾರ್, ವರ್ಷಕ್ಕಾ?" ವರ್ಷಕ್ಕೆ ಅಂದೆ. ನಕ್ಕುಬಿಟ್ಟರು. ತಮ್ಮನ ಮಗನ ಎಲ್‌ಕೆಜಿಗೆ ಅದರ ಹತ್ತರಷ್ಟು ಕಟ್ಟಿದ್ದಾರಂತೆ. ಆಮೇಲೆ ನಗು ನಿಲ್ಲಿಸಿ ಇನ್ನೊಂದು ಪ್ರಶ್ನೆ ಕೇಳಿದರು. "ನಮ್ಮ ಕಡೆ ಬೆಳಗ್ಗೆ ಒಂದೇ ಬಸ್ಸು. ಅದು ತಪ್ಪಿದರೆ ಏನು ಮಾಡೋದು ಸಾರ್?"

ಇಪ್ಪತ್ತೈದು ವರ್ಷ ಅರ್ಥಶಾಸ್ತ್ರ ಹೇಳಿಕೊಟ್ಟವನಿಗೆ ಆ ಪ್ರಶ್ನೆಯೇ ಪಾಠವಾಯಿತು. ನಮ್ಮ ರಾಜ್ಯದಲ್ಲಿ ಸರ್ಕಾರಿ ಕಾಲೇಜಿನ ಓದು ಎಷ್ಟು ಖರ್ಚಿನದು ಅಂತ ಯಾರಾದರೂ ಕೇಳಿದರೆ, ಈಗ ನಾನು ಫೀಸಿನಿಂದ ಶುರು ಮಾಡುವುದಿಲ್ಲ. ಹುಡುಗ ಅಥವಾ ಹುಡುಗಿ ರಾತ್ರಿ ಎಲ್ಲಿ ಮಲಗುತ್ತೆ, ಮಧ್ಯಾಹ್ನ ಏನು ತಿನ್ನುತ್ತೆ, ಕಾಲೇಜಿಗೆ ಹೇಗೆ ಬರುತ್ತೆ, ಅಲ್ಲಿಂದ ಶುರು ಮಾಡುತ್ತೇನೆ.

ದೂರ ಹೋಗಿ ಓದುವುದು ನಮಗೆ ಹೊಸದೇನಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವ ತನಕ ಮೈಸೂರು ಸಂಸ್ಥಾನದ ಕಾಲೇಜುಗಳಿಗೆ ಪರೀಕ್ಷೆ ನಡೆಸುತ್ತಿದ್ದದ್ದು ಮದ್ರಾಸು ವಿಶ್ವವಿದ್ಯಾನಿಲಯ. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು ಪಟ್ಟು ಹಿಡಿದು ಅದನ್ನು ಇಲ್ಲಿಗೆ ತಂದರು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಬಂತು, ಅದರ ನೆಲೆ ಧಾರವಾಡ. 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು ಮತ್ತು ಗುಲ್ಬರ್ಗ, 1987ರಲ್ಲಿ ಶಿವಮೊಗ್ಗದ ಬಳಿ ಕುವೆಂಪು ವಿಶ್ವವಿದ್ಯಾಲಯ. ಇತ್ತೀಚೆಗೆ ಹಾವೇರಿ, ಕೊಪ್ಪಳ, ಚಾಮರಾಜನಗರ, ಕೊಡಗಿನಂಥ ಜಿಲ್ಲೆಗಳಿಗೂ ಒಂದೊಂದು ಸಿಕ್ಕಿತು. ಹಳೆಯ ಸ್ನಾತಕೋತ್ತರ ಕೇಂದ್ರಕ್ಕೆ ಹೊಸ ಬೋರ್ಡು ಹಾಕಿದ್ದೇ ಬಹುಪಾಲು. 2025ರಲ್ಲಿ ಅವುಗಳಲ್ಲಿ ಹಲವನ್ನು ಮುಚ್ಚಿ ಹಳೆಯ ವಿಶ್ವವಿದ್ಯಾಲಯಗಳಿಗೆ ಸೇರಿಸುವ ಮಾತೂ ಬಂತು. ಮೇಷ್ಟರಿಲ್ಲದ ವಿಶ್ವವಿದ್ಯಾಲಯದ ಮೇಲೆ ನನಗೂ ಮೋಹವಿಲ್ಲ. ಆದರೆ ಎಂ.ಎ. ಓದಲು ಜಿಲ್ಲೆ ದಾಟಬೇಕಿಲ್ಲ ಅಂತಾದಾಗ ಎಷ್ಟು ಮನೆಯ ಹೆಣ್ಣುಮಕ್ಕಳು ಮುಂದೆ ಓದುತ್ತಾರೆ ಅನ್ನುವುದನ್ನು ಕಣ್ಣಾರೆ ಕಂಡವನು ನಾನು. ಹಾಗಾಗಿ ಆ ಮಾತು ಕೇಳಿದಾಗ ಮನಸ್ಸು ಒಂದು ಕಡೆ ನಿಲ್ಲಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ರಾಜ್ಯದಲ್ಲಿ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಬಿ.ಎ., ಬಿ.ಕಾಂ.ಗೆ ವರ್ಷದ ಫೀಸು ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಅದೇ ಹುಡುಗಿ ಬೆಂಗಳೂರಿಗೆ ಹೋಗಿ ಪಿ.ಜಿ.ಯಲ್ಲಿ, ಅಂದರೆ ಪೇಯಿಂಗ್ ಗೆಸ್ಟ್ ವಸತಿಯಲ್ಲಿ, ಮೂವರ ಜೊತೆ ಒಂದು ರೂಮು ಹಿಡಿದಳು ಅನ್ನಿ. ಊಟ ಸೇರಿ ತಿಂಗಳಿಗೆ 7000 ಅಂತ ಹಿಡಿದರೂ ಹತ್ತು ತಿಂಗಳಿಗೆ 70,000. ಮೂರು ವರ್ಷಕ್ಕೆ ಎರಡು ಲಕ್ಷ ದಾಟಿತು. ಕಾಲೇಜು ಸರ್ಕಾರದ್ದೇ, ಫೀಸು ಅಷ್ಟೇ. ಎರಡು ಲಕ್ಷ ಹೋದದ್ದು ಮಾತ್ರ ಪಿ.ಜಿ. ಮಾಲೀಕರಿಗೆ.

ಆದ್ದರಿಂದ ಪಕ್ಕದೂರಿನ ಕಾಲೇಜನ್ನು ಹೀಗಳೆಯಬೇಡಿ. ಅಲ್ಲಿ ಅತಿಥಿ ಉಪನ್ಯಾಸಕರೇ ಹೆಚ್ಚು, ಸೆಮಿಸ್ಟರ್ ಶುರುವಾಗಿ ತಿಂಗಳಾದರೂ ಕೆಲವು ವಿಷಯಕ್ಕೆ ಮೇಷ್ಟರು ಬಂದಿರುವುದಿಲ್ಲ. ಇದೆಲ್ಲ ನಿಜ, ಮುಚ್ಚಿಡುವುದಿಲ್ಲ. ಆದರೆ ಬೆಂಗಳೂರಿನ ಸರ್ಕಾರಿ ಕಾಲೇಜಿನಲ್ಲೂ ಈ ಕಥೆ ತೀರಾ ಬೇರೆ ಇಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ 2023ರ ಜೂನ್ 11ರಿಂದ ಒಂದು ದೊಡ್ಡ ಬದಲಾವಣೆ ಆಗಿದೆ. ಶಕ್ತಿ ಯೋಜನೆ. ಅದನ್ನು ದೇವಸ್ಥಾನಕ್ಕೆ ಹೋಗುವವರ ಯೋಜನೆ ಅಂತ ಆಡಿಕೊಳ್ಳುವವರು ಬೆಳಗ್ಗೆ ಏಳೂವರೆಗೆ ಯಾವುದಾದರೂ ತಾಲ್ಲೂಕು ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಬೇಕು. ಅರ್ಧ ಬಸ್ಸು ಕಾಲೇಜು ಬ್ಯಾಗುಗಳೇ. ಗಂಡುಮಕ್ಕಳು ವಿದ್ಯಾರ್ಥಿ ಪಾಸು ಮಾಡಿಸಿಕೊಳ್ಳಬೇಕು, ಅದನ್ನೂ ತಡ ಮಾಡಬಾರದು. ಬಸ್ಸು ಪುಕ್ಕಟೆ ಆಯಿತು, ಸರಿ. ಬಸ್ಸು ಇರಬೇಕಲ್ಲ? ಆ ಮಾತಿಗೆ ಆಮೇಲೆ ಬರುತ್ತೇನೆ.

ದೂರ ಹೋಗಲೇಬೇಕು ಅಂದರೆ ಹಾಸ್ಟೆಲ್. ಸಮಾಜ ಕಲ್ಯಾಣ ಇಲಾಖೆಯದ್ದು ಬೇರೆ, ಹಿಂದುಳಿದ ವರ್ಗಗಳ ಇಲಾಖೆಯದ್ದು ಬೇರೆ. ಎರಡನೆಯದನ್ನು ಜನ ಬಿಸಿಎಂ ಹಾಸ್ಟೆಲ್ ಅನ್ನುತ್ತಾರೆ. ಇಲ್ಲಿ ಎಷ್ಟೋ ಜನ ಎಡವುತ್ತಾರೆ. ಕಾಲೇಜಿಗೆ ಸೇರಿದರೆ ಹಾಸ್ಟೆಲ್ ತಾನಾಗಿ ಸಿಗುತ್ತೆ ಅಂದುಕೊಳ್ಳುತ್ತಾರೆ. ಸಿಗುವುದಿಲ್ಲ. ಅರ್ಜಿ ಬೇರೆ, ತಾರೀಖು ಬೇರೆ, ಪಟ್ಟಿ ಬೇರೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ, ಶುರುವಾದಾಗ ಗೊತ್ತು ಮಾಡಿದ್ದು ತಿಂಗಳಿಗೆ 1500ರಂತೆ ಹತ್ತು ತಿಂಗಳಿಗೆ 15,000. ನಾನು ಆಗಲೇ ಹೇಳಿದ 70,000ದ ಪಕ್ಕ ಇದನ್ನು ಇಟ್ಟು ನೋಡಿ. ಬೆಂಗಳೂರಿನಲ್ಲಿ ಎರಡು ತಿಂಗಳ ರೂಮು, ಊಟ. ಅದೇ ಸಣ್ಣ ಊರಲ್ಲಿ ನಾಲ್ವರು ಸೇರಿ ಒಂದು ಮನೆ ಹಿಡಿದು, ಊರಿಂದ ಅಕ್ಕಿ, ರಾಗಿ, ಕಾಯಿ ತಂದು ಬೇಯಿಸಿಕೊಂಡರೆ ಆ ಹದಿನೈದು ಸಾವಿರದಲ್ಲಿ ವರ್ಷದ ದೊಡ್ಡ ಪಾಲು ಕಳೆದುಹೋಗುತ್ತದೆ. ದುಡ್ಡು ಒಂದೇ, ಬೆಲೆ ಬೇರೆ.

ರೈತರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಅಂತ ಶುರುವಾಯಿತು. ಆಗ ಗೊತ್ತು ಮಾಡಿದಂತೆ ಪದವಿ ಓದುವ ಹುಡುಗರಿಗೆ ವರ್ಷಕ್ಕೆ 5000, ಹುಡುಗಿಯರಿಗೆ 5500. ಇಂಜಿನಿಯರಿಂಗ್, ಎಂಬಿಬಿಎಸ್, ಸ್ನಾತಕೋತ್ತರ ಓದಿಗೆ 10,000 ಮತ್ತು 11,000.

ದುಡ್ಡು ಮಂಜೂರಾಗುವುದು ಒಂದು ಕಥೆ, ಕೈಗೆ ಬರುವುದು ಇನ್ನೊಂದು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದು ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಅಲ್ಲಿ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಬೇಕು, ನಾಡಕಚೇರಿಯಲ್ಲಿ ಕೊಡುವ ಪತ್ರದ ಮೇಲೆ ಇರುತ್ತದೆ. ಹೆಸರು ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದ್ದರೆ ಅರ್ಜಿ ಅಲ್ಲೇ ಕೂತುಬಿಡುತ್ತದೆ. ಇನ್ನೊಂದು ತಮಾಷೆ ಕೇಳಿ. ನಮ್ಮ ಹುಡುಗನೊಬ್ಬ ವರ್ಷವಿಡೀ ಬಂದು "ಸ್ಕಾಲರ್‌ಶಿಪ್ ಬಂದಿಲ್ಲ ಸಾರ್" ಅನ್ನುತ್ತಿದ್ದ. ಪೋರ್ಟಲ್‌ನಲ್ಲಿ ನೋಡಿದರೆ ಜಮಾ ಆಗಿದೆ. ಎಲ್ಲಿಗೆ? ಹೈಸ್ಕೂಲಿನಲ್ಲಿದ್ದಾಗ ಬೇರೊಂದು ಬ್ಯಾಂಕಿನಲ್ಲಿ ತೆರೆದಿದ್ದ ಹಳೆಯ ಖಾತೆಗೆ. ಆಧಾರ್ ಜೋಡಣೆ ಆಗಿದ್ದದ್ದು ಅದಕ್ಕೆ. ಪಾಸ್‌ಬುಕ್ ಎಲ್ಲಪ್ಪಾ ಅಂದರೆ, ಅಜ್ಜಿಯ ಟ್ರಂಕಿನಲ್ಲಿ. ಅರ್ಜಿಯಲ್ಲಿ ಯಾವ ಖಾತೆ ಬರೆದಿರಿ ಅನ್ನುವುದು ಮುಖ್ಯ ಅಲ್ಲ, ಆಧಾರ್ ಯಾವುದಕ್ಕೆ ಜೋಡಣೆ ಆಗಿದೆ ಅನ್ನುವುದೇ ಮುಖ್ಯ. ಇದೊಂದು ಮಾತನ್ನು ಬರೆದಿಟ್ಟುಕೊಳ್ಳಿ.

ಇಂಜಿನಿಯರಿಂಗ್ ಕಡೆ ಹೋಗುವವರಿಗೆ ಸಿಇಟಿ ಗೊತ್ತೇ ಇದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಕೋಟಾ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ. ಅರ್ಜಿ ತುಂಬುವಾಗ ಸೈಬರ್ ಅಂಗಡಿಯ ಹುಡುಗ ಆ ಕಾಲಂ ಬಿಟ್ಟರೆ ಹೋಯಿತು. ಅವನನ್ನು ಬೈದು ಪ್ರಯೋಜನವಿಲ್ಲ, ಪಕ್ಕದಲ್ಲೇ ಕೂತು ನೋಡಬೇಕು. ಎಸ್‌ಎನ್‌ಕ್ಯೂ ಅಂತ ಇನ್ನೊಂದಿದೆ, ಕೇಳಿದವರೇ ಕಡಿಮೆ. ಮನೆಯ ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ದವರಿಗೆ ಬೋಧನಾ ಶುಲ್ಕವೇ ಇಲ್ಲದ ಹೆಚ್ಚುವರಿ ಸೀಟುಗಳು, ಪ್ರವೇಶ ಸಂಖ್ಯೆಯ 5 ಶೇಕಡಾದಷ್ಟು.

ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಸಾಲಾಗಿ ತುಂಬುವಾಗ, ಜನ ಬೆಂಗಳೂರಿನ ಖಾಸಗಿ ಕಾಲೇಜುಗಳನ್ನೇ ಮೇಲೆ ಮೇಲೆ ತುಂಬುತ್ತಾರೆ. 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿದ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಯುವಿಸಿಇ, ದಾವಣಗೆರೆಯ ಬಿಡಿಟಿ, ಹಾಸನ, ರಾಮನಗರ, ಕಾರವಾರ, ಹಾವೇರಿಯ ಸರ್ಕಾರಿ ಕಾಲೇಜುಗಳು ಕೆಳಗೆಲ್ಲೋ ಇರುತ್ತವೆ, ಇಲ್ಲವೇ ಇರುವುದೇ ಇಲ್ಲ. ಸೀಟು ಬಂದ ಮೇಲೆ ಛಾಯ್ಸ್ ಒಂದೋ ಎರಡೋ ಅಂತ ಗಾಬರಿ. ಒಂದು ಅಂದರೆ ಇದೇ ಸಾಕು. ಎರಡು ಅಂದರೆ ಇದು ಇರಲಿ, ಇದಕ್ಕಿಂತ ಒಳ್ಳೆಯದು ಸಿಕ್ಕರೆ ನೋಡೋಣ. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕು ಅಂದರೆ ನಾನು ಹೊರಗೆ. ಮೂರನ್ನು ಧೈರ್ಯ ಇದ್ದವರು ಒತ್ತುತ್ತಾರೆ, ನಾನಾಗಿದ್ದರೆ ಒತ್ತುತ್ತಿರಲಿಲ್ಲ.

ನನ್ನ ಮನಸ್ಸಿಗೆ ಹತ್ತಿರವಾದ ದಾರಿ ಮಾತ್ರ ಇದಲ್ಲ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಸರ್ಕಾರಿ ಪಾಲಿಟೆಕ್ನಿಕ್. ಮೂರು ವರ್ಷದ ಡಿಪ್ಲೊಮಾ, ಆಮೇಲೆ ಡಿಸಿಇಟಿ ಬರೆದು ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ. ಪಿಯುಸಿ ಮಾಡಿ ಹೋದವನಿಗೂ ಆರು ವರ್ಷ, ಇವನಿಗೂ ಆರೇ ವರ್ಷ. ಆದರೆ ಪಿಯು ಟ್ಯೂಷನ್ ಇಲ್ಲ, ಬಿ.ಇ.ಯಲ್ಲಿ ಒಂದು ವರ್ಷದ ಫೀಸು ಇಲ್ಲ. ಮಧ್ಯದಲ್ಲಿ ಮನೆಯಲ್ಲಿ ಏನಾದರೂ ಕಷ್ಟ ಬಂದು ಓದು ನಿಂತರೂ ಕೈಯಲ್ಲಿ ಕೆಲಸ ಕೊಡುವ ಒಂದು ಕಾಗದ ಇರುತ್ತದೆ. ನಮ್ಮ ಮಧ್ಯಮ ವರ್ಗದವರಿಗೆ ಡಿಪ್ಲೊಮಾ ಅಂದರೆ ಏನೋ ಕಡಿಮೆ ಅನ್ನಿಸುವುದು ಯಾಕೋ ನನಗಂತೂ ಅರ್ಥವಾಗಿಲ್ಲ.

ಕೃಷಿ ವಿಶ್ವವಿದ್ಯಾಲಯಗಳಲ್ಲಿ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಉಪಕರಣ ಇಟ್ಟು ಗುರುತಿಸಿ ಅನ್ನುತ್ತಾರೆ. ಪಹಣಿಯಲ್ಲಿ ಹೆಸರಿದ್ದರೆ ಸಾಲದು, ಹುಚ್ಚೆಳ್ಳು ಯಾವುದು, ಕರಿಎಳ್ಳು ಯಾವುದು ಗೊತ್ತಿರಬೇಕು. ಈ ಪರೀಕ್ಷೆ ನನಗೆ ಬಹಳ ಇಷ್ಟ. ಕೆಲಸ ಮಾಡಿಕೊಂಡೇ ಓದುವವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. ನಡುವೆ ಕೆಲವು ವರ್ಷ ಯುಜಿಸಿ ಮಾನ್ಯತೆ ಹೋಗಿ ಮಕ್ಕಳು ಒದ್ದಾಡಿದರು, 2018ರಲ್ಲಿ ಮತ್ತೆ ಸಿಕ್ಕಿತು.

ಆ ಬಿತ್ತನೆ ಬೀಜದ ಚೀಲದವರ ಮಗಳು ನಮ್ಮ ಕಾಲೇಜಿಗೇ ಸೇರಿದಳು. ಶಕ್ತಿ ಯೋಜನೆ ಇನ್ನೂ ಬಂದಿರದ ಕಾಲ, ಪಾಸು ಮಾಡಿಸಿಕೊಂಡಳು. ಎರಡನೇ ಸೆಮಿಸ್ಟರಿನ ನಡುವೆ ಆ ಬೆಳಗಿನ ಬಸ್ಸು ನಿಂತಿತು. ಅಪ್ಪ ಬಂದರು, ಊರಿನ ಮಕ್ಕಳೆಲ್ಲ ಸಹಿ ಹಾಕಿದ ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಐದು ವಾರ ಆದ ಮೇಲೆ ಬಸ್ಸು ಮತ್ತೆ ಬಂತು. ಅಷ್ಟರೊಳಗೆ ಅವಳ ಹಾಜರಾತಿ 71ಕ್ಕೆ ಇಳಿದಿತ್ತು, ಪರೀಕ್ಷೆಗೆ ಕೂರಲು 75 ಬೇಕು. ವಿನಾಯಿತಿಗೆ ಶಿಫಾರಸು ಮಾಡುವ ಫಾರಂ ತೆಗೆದೆ. ಕಾರಣ ಅನ್ನುವಲ್ಲಿ ಅನಾರೋಗ್ಯ, ಕ್ರೀಡೆ, ಎನ್‌ಸಿಸಿ ಅಂತೆಲ್ಲ ಅಚ್ಚು ಹಾಕಿತ್ತು. ಬಸ್ಸು ಅಂತ ಇರಲಿಲ್ಲ. ಕೊನೆಯಲ್ಲಿದ್ದ 'ಇತರೆ'ಗೆ ಗುರುತು ಹಾಕಿ, ಪಕ್ಕದಲ್ಲಿ ಬೆಳಗ್ಗೆ 7.10ರ ಬಸ್ಸು ಇರಲಿಲ್ಲ ಅಂತ ಬರೆದು, ಸಹಿ ಮಾಡಿ ಪ್ರಾಂಶುಪಾಲರ ಮುಂದೆ ಇಟ್ಟೆ. ಅವರು ಅದನ್ನು ಎರಡು ಸಲ ಓದಿದರು, ಏನೂ ಹೇಳದೆ ಸಹಿ ಹಾಕಿದರು.

ನಮಸ್ಕಾರ.