ಅಂಕ ಯಾವುದಕ್ಕೋ ಕಲಿಕೆ ಅದಕ್ಕೇ

ಕೇಳುಗರಿಗೆ ನಮಸ್ಕಾರ. ತರಬೇತಿಗೆಂದು ಆಟ ಮಾಡುವವರು ಹೆಚ್ಚಾಗಿ ಪಾಠದಿಂದಲೇ ಶುರು ಮಾಡುತ್ತಾರೆ. ಪಾಠವನ್ನು ಪ್ರಶ್ನೆಗಳಾಗಿ ಒಡೆಯುತ್ತಾರೆ. ಸರಿ ಉತ್ತರಕ್ಕೆ ಅಂಕ, ಹತ್ತು ಉತ್ತರಕ್ಕೊಂದು ಬ್ಯಾಡ್ಜ್. ಪರೀಕ್ಷೆಗೆ ಬಣ್ಣ ಬಳಿದ ಹಾಗಾಯಿತು, ಅಷ್ಟೇ. ಆಡುವವರಿಗೆ ಇದು ಎರಡೇ ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ.

ನನ್ನನ್ನು ಕೇಳಿದರೆ, ಮೊದಲು ನೋಡಬೇಕಾದ್ದು ಬೇರೆ. ಆಟದಲ್ಲಿ ಆಟಗಾರರು ಮಾಡುವ ಕೆಲಸ ಏನು? ಕಲಿಯಬೇಕಾದ ಕೆಲಸವೂ ಅದೇನಾ?

1960ರ ಸುಮಾರಿಗೆ ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದಲ್ಲಿ ಒಂದು ಆಟ ಹುಟ್ಟಿತು. ಹೆಸರು ಬಿಯರ್ ಗೇಮ್. ನಗಬೇಡಿ, ಅದರಲ್ಲಿ ಕುಡಿಯೋದೇನೂ ಇಲ್ಲ. ಮೇಜಿನ ಮುಂದೆ ಸಾಲಾಗಿ ನಾಲ್ವರು: ಚಿಲ್ಲರೆ ಅಂಗಡಿಯವರು, ಸಗಟು ವ್ಯಾಪಾರಿ, ವಿತರಕರು, ಕಾರ್ಖಾನೆಯವರು. ಆಟದ ಒಂದು ಸುತ್ತೆಂದರೆ ಒಂದು ವಾರ. ಪ್ರತಿ ವಾರ ಒಬ್ಬೊಬ್ಬರದೂ ಒಂದೇ ನಿರ್ಧಾರ: ಎಷ್ಟು ಪೆಟ್ಟಿಗೆಗೆ ಆರ್ಡರ್ ಹಾಕಲಿ? ಚೀಟಿಯಲ್ಲಿ ಬರೆದು ಪಕ್ಕಕ್ಕೆ ದಾಟಿಸಬೇಕು. ಮಾತಾಡುವ ಹಾಗಿಲ್ಲ. ಮಾಲು ಕೈಸೇರೋದು ಕೆಲವು ವಾರ ತಡವಾಗಿ. ಗಿರಾಕಿ ಎಷ್ಟು ಕೇಳಿದ ಅನ್ನೋದು ಅಂಗಡಿಯವರಿಗೆ ಮಾತ್ರ ಗೊತ್ತು.

ಮೊದಲ ಕೆಲವು ವಾರ ಗಿರಾಕಿಗೆ ಬೇಕಿರುವುದು 4 ಪೆಟ್ಟಿಗೆ. ಆಮೇಲೆ 8. ಮುಗಿಯುವವರೆಗೂ ಎಂಟೇ. ಆದರೆ ಅಂಗಡಿಯವರು ಗಾಬರಿಯಾಗಿ ಜಾಸ್ತಿ ಕೇಳುತ್ತಾರೆ. ಸಗಟಿನವರು ಅದಕ್ಕಿಂತ ಜಾಸ್ತಿ. ಕಾರ್ಖಾನೆ ಮುಟ್ಟುವಷ್ಟರಲ್ಲಿ ಆರ್ಡರ್ ಉಬ್ಬಿಹೋಗಿರುತ್ತದೆ. ಕೊನೆಗೆ ತಡವಾದ ಮಾಲೆಲ್ಲ ಒಟ್ಟಿಗೆ ಬಂದು ಬೀಳುತ್ತದೆ, ಆಗ ಯಾರಿಗೂ ಬೇಡ.

ಆಟ ನಿಂತ ಮೇಲೆ ನಡೆಸುವವರು ಕೇಳುತ್ತಾರೆ: ಗಿರಾಕಿಯ ಬೇಡಿಕೆ ಹೇಗಿತ್ತು, ಗೆರೆ ಎಳೆದು ತೋರಿಸಿ. ಬಹಳಷ್ಟು ಜನ ಭಾರೀ ಏರಿಳಿತದ ಗೆರೆ ಎಳೆಯುತ್ತಾರೆ. ಆಮೇಲೆ ನಿಜವಾದ ಗೆರೆ ಬರುತ್ತದೆ. ಒಂದೇ ಮೆಟ್ಟಿಲು, ಮುಂದೆ ಸಮತಟ್ಟು. ಇದನ್ನೇ ಸ್ಲೈಡ್ ಹಾಕಿ ಹೇಳಿದ್ದರೆ ಎಲ್ಲರೂ ತಲೆಯಾಡಿಸಿ ಎದ್ದುಹೋಗುತ್ತಿದ್ದರು. ಇಲ್ಲಿ ಗೊಂದಲ ಎಬ್ಬಿಸಿದವರು ತಾವೇ ಅಲ್ವಾ?

ಉಲ್ಟಾ ಹೊಡೆದ ಆಟವೂ ಇದೆ. ಜಮೀನು ಕೆಲವರ ಕೈ ಸೇರಿದರೆ ಬಾಡಿಗೆ ಕಟ್ಟುವವರ ಗತಿ ಏನು ಎಂದು ತೋರಿಸಲು ಅಮೆರಿಕದ ಲಿಜ್ಜಿ ಮೇಗಿ ಎಂಬ ಮಹಿಳೆ ಒಂದು ಆಟ ಮಾಡಿ, 1904ರಲ್ಲಿ ಪೇಟೆಂಟ್ ಪಡೆದರು. ಅದೇ ಮುಂದೆ ಜಾಗ ಕೊಂಡು ಬಾಡಿಗೆ ವಸೂಲಿ ಮಾಡುವ ಮೊನೊಪಲಿ ಆಟವಾಯಿತು. ಈಗ ಆಡುವವರು ಎದುರಿನವರನ್ನು ದಿವಾಳಿ ಎಬ್ಬಿಸಿ ಖುಷಿಪಡುತ್ತಾರೆ! ಆಕೆಯ ಉದ್ದೇಶ ಒಂದು, ಗೆಲ್ಲುವ ದಾರಿ ಇನ್ನೊಂದು. ದೂರು ಆಲಿಸುವ ತರಬೇತಿಯಲ್ಲಿ ಬೇಗ ಮುಗಿಸಿದವರಿಗೆ ಹೆಚ್ಚು ಅಂಕ ಕೊಟ್ಟು ನೋಡಿ. ಜನ ಫೋನ್ ಇಡೋದನ್ನು ಕಲಿಯುತ್ತಾರೆ.

ಬಹುಮಾನದಲ್ಲೂ ಹುಷಾರಾಗಿರಬೇಕು. 1973ರಲ್ಲಿ ಪ್ರಕಟವಾದ ಮನೋವಿಜ್ಞಾನಿ ಮಾರ್ಕ್ ಲೆಪರ್ ಮತ್ತು ಸಂಗಡಿಗರ ಪ್ರಯೋಗದಲ್ಲಿ, ಚಿತ್ರ ಬಿಡಿಸೋದೆಂದರೆ ಇಷ್ಟವಿದ್ದ ಕೆಲವು ಪುಟ್ಟ ಮಕ್ಕಳಿಗೆ ಪ್ರಶಸ್ತಿಪತ್ರದ ಆಸೆ ತೋರಿಸಿದರು. ಆಮೇಲೆ ಬಿಡುವಿನ ವೇಳೆಯಲ್ಲಿ ಆ ಮಕ್ಕಳು ಉಳಿದವರಿಗಿಂತ ಕಡಿಮೆ ಚಿತ್ರ ಬಿಡಿಸಿದರು.

ಹೊಸ ಆಟಕ್ಕೆ ಮೊದಲು ಕಾಗದ, ಪೆನ್ಸಿಲ್ ಸಾಕು. ಸಾಫ್ಟ್‌ವೇರ್ ಆಮೇಲೆ. ನಾಲ್ಕು ಜನರನ್ನು ಕೂರಿಸಿ ಆಡಿಸಿ, ನೀವು ಸುಮ್ನೆ ನೋಡುತ್ತಿರಿ. ಗೆಲ್ಲಲು ಅವರು ಹುಡುಕಿದ ಉಪಾಯ ನಿಜವಾದ ಕೆಲಸದಲ್ಲಿ ನಡೆಯದಿದ್ದರೆ ನಿಯಮ ಬದಲಿಸಿ. ಒಂದು ಗಂಟೆ ಸಿಕ್ಕಿದರೆ ಅರ್ಧ ಗಂಟೆ ಆಡಿಸಿ, ಉಳಿದರ್ಧ ಏನಾಯಿತು ಎಂದು ಮಾತಾಡಿಸಿ. ಹೊತ್ತು ಸಾಲದಾಗ ಕತ್ತರಿ ಬೀಳೋದು ಈ ಮಾತಿಗೇ. ಅದರ ಬದಲು ಆಟವನ್ನೇ ಮೊಟಕು ಮಾಡಿ, ಪರವಾಗಿಲ್ಲ. ನಮಸ್ಕಾರ.